ಕನ್ನಡಕದ ಮೇಷ್ಟ್ರು

ಮೊದಲೇ ಹೇಳಿಬಿಡುತ್ತೇನೆ, ಕನ್ನಡಕದ ಮೇಷ್ಟ್ರು ಕನ್ನಡಕ ಹಾಕುತ್ತಿರಲಿಲ್ಲ. ಐವತ್ತು ದಾಟಿ ವರ್ಷಗಳಾಗಿದ್ದರೂ ಬಸ್ಸು ತಿರುವಿನಲ್ಲಿ ಮೂತಿ ತೋರಿಸುವ ಹೊತ್ತಿಗೇ ಅದರ ನಂಬರು ಓದಿ ಹೇಳುವ ಕಣ್ಣು ಅವರದು. ಆ ಹೆಸರು ಬಂದದ್ದು ಅವರು ಬೇರೆಯವರ ಮೂಗಿನ ಮೇಲೆ ಏರಿಸಿದ ಕನ್ನಡಕಗಳಿಂದ. ಆ ಪೇಟೆಯಲ್ಲಿ ಕನ್ನಡಕ ಹಾಕಿದ ಯಾರನ್ನಾದರೂ ನಿಲ್ಲಿಸಿ ಕೇಳಿ, ಔಷಧದ ಅಂಗಡಿಯವನಿರಲಿ, ಬಸ್ ಡಿಪೋದ ಗುಮಾಸ್ತೆಯಿರಲಿ, "ನಂಗೆ ಕಣ್ಣು ಸರಿ ಇಲ್ಲ ಅಂತ ನನಗಿಂತ ಮುಂಚೆ ಮೇಷ್ಟ್ರಿಗೆ ಗೊತ್ತಾಯ್ತು" ಅನ್ನುತ್ತಾರೆ. ಅವರು ಪಾಠ ಮಾಡುತ್ತಿದ್ದದ್ದು ಲೆಕ್ಕ. ಲೆಕ್ಕ ಎಷ್ಟು ಜನಕ್ಕೆ ಹತ್ತಿತೋ ಬಿಟ್ಟಿತೋ, ಕನ್ನಡಕವಂತೂ ಬಹಳ ಜನಕ್ಕೆ ಸಿಕ್ಕಿತು.

ಅವರ ಕ್ರಮ ಹೀಗಿತ್ತು. ಶಾಲೆ ಶುರುವಾದ ವಾರದಲ್ಲೇ ಕರಿಹಲಗೆಯ ಮೇಲೆ ಒಂದು ಉದ್ದನೆಯ ಲೆಕ್ಕ ಬರೆಯುವರು. ಮೊದಲ ಸಾಲು ಕುಂಬಳಕಾಯಿ ಗಾತ್ರದ ಅಕ್ಷರ, ಬರಬರುತ್ತ ಸಣ್ಣದಾಗಿ ಕೊನೆಯ ಸಾಲು ಇರುವೆ ಸಾಲಿನಷ್ಟು. ಸೀಮೆಸುಣ್ಣ ಉಳಿಸುವ ಜುಗ್ಗ ಎಂದು ಮಕ್ಕಳು ಮುಸಿಮುಸಿ ನಗುತ್ತಿದ್ದರು. ಮೇಷ್ಟ್ರು ತಿರುಗಿ ನಿಂತು ಹಲಗೆಯನ್ನಲ್ಲ, ಮಕ್ಕಳ ಮುಖ ನೋಡುವರು. ಯಾರು ಕಣ್ಣು ಕಿರಿದು ಮಾಡಿದರು, ಯಾರು ಕತ್ತು ಓರೆ ಮಾಡಿದರು, ಯಾರಿಗೆ ಇದ್ದಕ್ಕಿದ್ದಂತೆ ಪಕ್ಕದವನ ಮೇಲೆ ಪ್ರೀತಿ ಉಕ್ಕಿತು, ಅಷ್ಟೇ. "ನೋಡಿ ಬರೆಯೋನ ಕಿವಿ ನಾನು ಮೊದಲು ಹಿಂಡಲ್ಲ" ಅನ್ನುವರು. "ಮುಂದಿನ ಬೆಂಚಿಗೆ ಕರೀತೀನಿ. ಅಲ್ಲಿ ಕೂತೂ ನೋಡಿ ಬರೆದ್ರೆ ಆಮೇಲೆ ಇದೆ ಅವನಿಗೆ." ಅದೇ ಸಂಜೆ ಆ ಮಗುವಿನ ಮನೆಬಾಗಿಲಲ್ಲಿ ಹಾಜರು. ಹುಡುಗಿಗೆ ಕನ್ನಡಕ ಹಾಕಿಸಿದ್ರೆ ನಾಳೆ ಯಾರು ಮದುವೆ ಆಗ್ತಾರೆ ಎಂದು ಒಬ್ಬ ತಾಯಿ ಬಾಯಿ ಬಡಿದುಕೊಂಡಾಗ, "ಮದುವೆ ಆಗೋನ ಮುಖನಾದ್ರೂ ನೆಟ್ಟಗೆ ನೋಡ್ಲಿ ಬಿಡಮ್ಮ" ಅಂದಿದ್ದರಂತೆ.

ಈ ಹುಚ್ಚಿಗೆ ಕಾರಣ ಅವರ ತಮ್ಮ. ಶಾಲೆಯಲ್ಲಿ ದಡ್ಡ ಅನ್ನಿಸಿಕೊಂಡು, ಏಟು ತಿಂದು ತಿಂದು, ಓದು ಬಿಟ್ಟು ಟೈರ್ ಅಂಗಡಿ ಸೇರಿದವನು. ಮೀಸೆ ಬಂದ ಮೇಲೆ ಯಾರೋ ಕಣ್ಣು ತೋರಿಸಿದರು. ಕನ್ನಡಕ ಹಾಕಿಕೊಂಡು ಮನೆಗೆ ಬಂದವನು ಎದುರು ಮನೆಯ ಗೋಡೆ ನೋಡಿ, "ಅಣ್ಣ, ಅದು ಇಟ್ಟಿಗೆ ಗೋಡೆನಾ?" ಅಂದ. ಹುಟ್ಟಿದಾಗಿನಿಂದ ಆ ಗೋಡೆಯ ಎದುರೇ ಬೆಳೆದವನು! ಕಣ್ಣು ಸರಿಹೋಯಿತು, ದಡ್ಡ ಅನ್ನುವುದು ಮಾತ್ರ ಅವನ ತಲೆಯಿಂದ ಹೋಗಲಿಲ್ಲ. ಆವತ್ತಿನಿಂದ ಮೇಷ್ಟ್ರು ಮಕ್ಕಳ ಕಣ್ಣಿನ ವಿಷಯದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಇದ್ದರು. ಅವರ ಹೆಂಡತಿ ಮಾತ್ರ, "ಊರ ಮಕ್ಕಳ ಕಣ್ಣೆಲ್ಲ ಕಾಣತ್ತೆ ಇವರಿಗೆ. ನಾನು ಹೊಸ ಕನ್ನಡಕ ಹಾಕ್ಕೊಂಡು ವಾರ ಆಯ್ತು, ಅದು ಕಾಣಲ್ಲ" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಇಷ್ಟು ಹೇಳಿದ ಮೇಲೆ ಶಾಲೆಗೆ ಟ್ಯಾಬ್ ಬಂದ ಕಥೆಗೆ ಬರುತ್ತೇನೆ. ಯಾವುದೋ ದೊಡ್ಡ ಸಂಸ್ಥೆಯವರು ಪ್ರತಿ ಮಗುವಿಗೂ ಒಂದೊಂದು ಕೊಟ್ಟರು. ಕರಿಹಲಗೆ ಕಿತ್ತು ಆ ಜಾಗದಲ್ಲಿ ಗೋಡೆಯಗಲದ ಪರದೆ ಹಾಕಿದರು. ಹಳೇ ಕಾಲದ ಮೇಷ್ಟ್ರು ಮೂಗು ಮುರಿದಿರಬೇಕು ಅಂದುಕೊಂಡಿರಾ? ತಪ್ಪು. ಮೇಷ್ಟ್ರು ಅದನ್ನು ತಲೆ ಮೇಲೆ ಹೊತ್ತು ಕುಣಿದರು. ಭಿನ್ನರಾಶಿ ಅಂದರೆ ಹೆದರಿ ಒದ್ದೆಯಾಗುತ್ತಿದ್ದ ಮಕ್ಕಳು ಬೆರಳಿನಿಂದ ವೃತ್ತ ಸೀಳಿ ಕಾಲುಭಾಗ ಪಕ್ಕಕ್ಕಿಡುವುದನ್ನು ಕಂಡು ಅವರಿಗೆ ಕಣ್ಣಲ್ಲಿ ನೀರು ಬಂತು. ತೊದಲುವ ಹುಡುಗನೊಬ್ಬ, ಬಾಯಿಬಿಟ್ಟರೆ ಎಲ್ಲರೂ ನಗುತ್ತಾರೆಂದು ಸುಮ್ಮನಿದ್ದವನು, ಪರದೆಯಲ್ಲಿ ಎಲ್ಲರಿಗಿಂತ ಮೊದಲು ಉತ್ತರ ಒತ್ತತೊಡಗಿದ. ಜ್ವರ ಬಂದ ಮಗು ಮನೆಯಲ್ಲೇ ಮಲಗಿ ಪಾಠ ಕೇಳಿತು. ಪಾಠ ಮುಗಿದರೆ ಮೇಷ್ಟ್ರ ಟ್ಯಾಬಿನಲ್ಲಿ ಮಕ್ಕಳ ಹೆಸರಿನ ಮುಂದೆ ಬಣ್ಣ ಬರುತ್ತಿತ್ತು. ಅರ್ಥವಾದವರಿಗೆ ಹಸಿರು, ಆಗದವರಿಗೆ ಕೆಂಪು. "ಇಷ್ಟು ವರ್ಷ ಸೀಮೆಸುಣ್ಣದ ಪುಡಿ ತಿಂದು ಕೆಮ್ಮಿದ್ದಷ್ಟೇ ಬಂತು" ಅನ್ನುವರು. ಊಟಕ್ಕೆ ಕೂತರೂ ತಟ್ಟೆ ಪಕ್ಕದಲ್ಲಿ ಟ್ಯಾಬು. ಹೆಡ್‌ಮೇಡಂ ಅವರನ್ನೇ ಉಳಿದ ಟೀಚರುಗಳಿಗೆಲ್ಲ ಗುರು ಮಾಡಿದರು.

ಆ ವರ್ಷ ಶಾಲೆ ಶುರುವಾದಾಗ ಮೇಷ್ಟ್ರು ಇರುವೆ ಸಾಲು ಬರೆಯಲಿಲ್ಲ. ಮರೆತರು ಅನ್ನುವ ಹಾಗಿಲ್ಲ. ಬರೆಯಲು ಹಲಗೆಯೇ ಇರಲಿಲ್ಲ. ಮೇಲಾಗಿ ಪ್ರತಿ ಮಗುವಿನ ಮಡಿಲಲ್ಲೂ ಬೆಳಕಿರುವಾಗ ಹಿಂದಿನ ಬೆಂಚೇನು, ಮುಂದಿನ ಬೆಂಚೇನು! ಮೊದಲ ದಿನ ಮೇಷ್ಟ್ರು ಎಲ್ಲರಿಗೂ ಕಲಿಸಿದ್ದೇ ಅದು: ಅಕ್ಷರದ ಮೇಲೆ ಎರಡು ಬೆರಳಿಟ್ಟು ಅಗಲಿಸಿ, ಎಷ್ಟು ಬೇಕೋ ಅಷ್ಟು ದೊಡ್ಡದಾಗುತ್ತದೆ. "ಇನ್ಮೇಲೆ ನಮ್ಮ ಶಾಲೇಲಿ ಕಾಣ್ಸಲ್ಲ ಅನ್ನೋ ಮಾತೇ ಇಲ್ಲ" ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರಂತೆ, ಮಗುವಿನಂತೆ ಹಿಗ್ಗಿ. ಆ ಹಿಗ್ಗು ನೆನೆದರೆ ನನಗೆ ಅವರ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ. ಪ್ರಯತ್ನಪಟ್ಟಿದ್ದೇನೆ, ಆಗುವುದಿಲ್ಲ.

ಅದೇ ತರಗತಿಯಲ್ಲಿ ಹೊಲಿಗೆಯಮ್ಮನ ಮಗಳಿದ್ದಳು. ಶಾಲೆಯ ಹಿಂದಿನ ಬೀದಿಯಲ್ಲಿ ತಾಯಿಯ ಅಂಗಡಿ. ಮುಂದೆ ಒಂದು ಮಿಷನ್ನು, ಹಿಂದೆ ಒಂದು ಕೋಣೆ, ತಾಯಿ ಮಗಳಿಬ್ಬರದೇ ಸಂಸಾರ. ಹುಡುಗಿ ಕಡ್ಡಿಯ ಹಾಗಿದ್ದಳು, ಆದರೆ ಪ್ರಶ್ನೆ ಕೇಳಿದರೆ ಚುಚ್ಚಿದ ಹಾಗೆ. ಸೊನ್ನೆಯಿಂದ ಯಾಕೆ ಭಾಗಿಸಬಾರದು, ಭಾಗಿಸಿದರೆ ಯಾರು ಬೈತಾರೆ ಎಂದು ಕೇಳಿ ಮೇಷ್ಟ್ರನ್ನೇ ಒಂದು ದಿನ ತಡವರಿಸುವಂತೆ ಮಾಡಿದ್ದಳು. ಗುಂಡುಸೂಜಿ ಎಂದು ಅವರೇ ಹೆಸರಿಟ್ಟರು. ಆಕೆಯ ಹೆಸರಿನ ಮುಂದೆ ಹಸಿರು ಬಿಟ್ಟು ಬೇರೆ ಬಣ್ಣ ಬಂದದ್ದೇ ಇಲ್ಲ.

ಒಂದು ಮಧ್ಯಾಹ್ನ ಗುಂಡುಸೂಜಿ ಮೇಜಿನ ಹತ್ತಿರ ಬಂದಳು. ಮೇಷ್ಟ್ರು ಯಾವುದೋ ಹುಡುಗನ ಕೆಟ್ಟುಕೂತ ಟ್ಯಾಬಿನ ಜೊತೆ ಗುದ್ದಾಡುತ್ತಿದ್ದರು.

"ಮೇಷ್ಟ್ರೇ, ಅಕ್ಷರ ತುಂಬಾ ಸಣ್ಣ ಇದೆ."

"ಅಗಲಿಸ್ಕೋ ಮಗಳೇ. ಎರಡು ಬೆರಳು ಯಾಕಿರೋದು?" ತಲೆ ಎತ್ತದೆ ಅಂದರು.

ನಕ್ಕು ಹೋದಳು. ಕೆಲವು ತಿಂಗಳ ಮೇಲೆ ಮತ್ತೆ ಬಂದು, ಅಗಲಿಸಿದರೂ ಸಾಲು ಕಲಸಿಹೋಗುತ್ತದೆ, ತಲೆ ನೋಯುತ್ತದೆ ಅಂದಳು. ಮೇಷ್ಟ್ರಿಗೆ ಖುಷಿಯೇ ಆಯಿತು. ಪಾಠವನ್ನು ಗಟ್ಟಿಯಾಗಿ ಓದಿ ಹೇಳುವ ಗುಂಡಿಯೊಂದಿದೆ, ಯಾರೂ ಅದನ್ನು ಬಳಸುತ್ತಿಲ್ಲ ಎಂದು ಅವರಿಗೆ ಕೊರಗಿತ್ತು. ತಾವೇ ಅದನ್ನು ಒತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, "ಕಣ್ಣಿಗೆ ಸ್ವಲ್ಪ ರಜಾ ಕೊಡು" ಎಂದು ತಲೆ ನೇವರಿಸಿ ಕಳಿಸಿದರು. ಅಯ್ಯೋ, ಆ ಕೈ! ಅದೇ ಕೈ ಗಲ್ಲ ಹಿಡಿದೆತ್ತಿ ಎಲ್ಲಿ ನೋಡೋಣ ಅಂದಿದ್ದರೆ!

ಹುಡುಗಿಯಾದರೂ ಕಣ್ಣೇ ಕಾಣುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬಾರದಿತ್ತೇ ಅಂತ ನೀವು ಕೇಳಬಹುದು. ಅವಳಿಗೆ ಅದು ಕಾಯಿಲೆ ಎಂದೇ ಗೊತ್ತಿರಲಿಲ್ಲ. ಎಲ್ಲರೂ ಬೆರಳಿಟ್ಟು ಅಗಲಿಸುತ್ತಿದ್ದರು, ಇವಳೂ ಅಗಲಿಸಿದಳು. ಎಲ್ಲರಿಗಿಂತ ಹೆಚ್ಚು ಅಗಲಿಸುತ್ತಿದ್ದೇನೆ ಎಂದು ತಿಳಿಯಲು ಪಕ್ಕದವಳ ಪರದೆ ಕಾಣಬೇಕಲ್ಲ. ಮನೆಯಲ್ಲಿ ಸೂಜಿಗೆ ದಾರ ಪೋಣಿಸಲು ಹೇಳಿದರೆ ತಡಕಾಡುತ್ತಿದ್ದಳು. "ದಿನವಿಡೀ ಟ್ಯಾಬ್ ನೋಡೋಕೆ ಕಣ್ಣಿದೆ, ಅಮ್ಮನ ಸೂಜಿಗೆ ದಾರ ಹಾಕೋಕೆ ಕಣ್ಣಿಲ್ಲ ಅಲ್ವಾ?" ಎಂದು ತಾಯಿ ರೇಗುವಳು. ಬೈಗುಳ ತಪ್ಪಿಸಿಕೊಳ್ಳಲು ಹುಡುಗಿ ನಾಲಗೆಯ ತುದಿಯಲ್ಲಿ ಸೂಜಿಯ ಕಣ್ಣು ಹುಡುಕಿ ದಾರ ತೂರಿಸುವುದನ್ನು ಕಲಿತಳು. ಸೋಮಾರಿತನ ಬಿಟ್ಟಳಲ್ಲ ಎಂದು ತಾಯಿಗೆ ಸಮಾಧಾನವಾಯಿತು.

ಮರುವರ್ಷ ಟ್ಯಾಬ್ ಕೊಟ್ಟ ಸಂಸ್ಥೆಯವರು ಪಾಠ ನೋಡಲು ಬಂದರು. ಹೆಡ್‌ಮೇಡಂ ಬೆಳಗಿನಿಂದ ಓಡಾಡಿ ಕಿಟಕಿ ಒರೆಸಿಸಿದ್ದರು. ಹಿಂದಿನ ಗೋಡೆಗೆ ಒರಗಿ ಕೂತ ಅತಿಥಿಗಳ ಮುಂದೆ ಮೇಷ್ಟ್ರು ತ್ರಿಕೋನಗಳ ಪಾಠ ಮಾಡಿದರು. ಕೊನೆಗೆ ದೊಡ್ಡ ಪರದೆಯ ಮೇಲೆ ಮೂರು ತ್ರಿಕೋನ ಹಾಕಿ, ಲಂಬಕೋನ ಯಾವುದರಲ್ಲಿದೆಯೋ ಅದನ್ನು ಬಂದು ಮುಟ್ಟು ಎಂದು ಗುಂಡುಸೂಜಿಯನ್ನು ಕರೆದರು. ಇದ್ದವರಲ್ಲಿ ಚುರುಕಿನವಳು, ಶಾಲೆಯ ಮಾನ ಉಳಿಸುವವಳು.

ಹುಡುಗಿ ಬೆಂಚುಗಳನ್ನು ಸವರಿಕೊಂಡು ಮುಂದೆ ಬಂದಳು. ಪರದೆಯ ಬೆಳಕು ಅವಳ ಮುಖದ ಮೇಲೆಲ್ಲ ಬಿತ್ತು. ಕೈ ಎತ್ತಿದಳು, ಒಂದು ಕ್ಷಣ ಗಾಳಿಯಲ್ಲಿ ಆಡಿಸಿದಳು, ಆಮೇಲೆ ಪರದೆಯ ಪಕ್ಕದ ಬರೀ ಗೋಡೆಯನ್ನು ಮುಟ್ಟಿದಳು. ತರಗತಿ ಗೊಳ್ಳೆಂದು ನಕ್ಕಿತು. ಅತಿಥಿಗಳಲ್ಲೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಮೇಷ್ಟ್ರಿಗೆ ಮುಖ ಬಿಸಿಯಾಯಿತು.

"ಎಲ್ಲಿ ಮುಟ್ತಿದ್ದೀಯಾ? ಕಣ್ಣು ಕಾಣ್ಸಲ್ವಾ?"

ಎಲ್ಲರ ಮನೆಯಲ್ಲೂ ದಿನಕ್ಕೆ ಹತ್ತು ಸಲ ಆಡುವ ಮಾತು. ಎಡವಿದರೆ, ಲೋಟ ಉರುಳಿಸಿದರೆ, ಬಾಯಿಗೆ ಬಂದುಬಿಡುವ ಮಾತು. ಆದರೆ ಮೇಷ್ಟ್ರು ತಮ್ಮ ನೌಕರಿಯುದ್ದಕ್ಕೂ ಒಂದು ಮಗುವಿಗೂ ಅದನ್ನು ಅಂದವರಲ್ಲ. ಹುಡುಗಿ ಅದನ್ನು ಬೈಗುಳ ಅಂದುಕೊಳ್ಳಲಿಲ್ಲ. ಪ್ರಶ್ನೆ ಅಂದುಕೊಂಡಳು, ಪ್ರಶ್ನೆಗೆ ಉತ್ತರ ಹೇಳಿದಳು.

"ಇಲ್ಲ ಮೇಷ್ಟ್ರೇ. ಎಡಗಣ್ಣಲ್ಲಿ ಕಾಣೋದೇ ಇಲ್ಲ. ಬಲಗಣ್ಣಲ್ಲಿ ಎಲ್ಲ ಮಂಜು ಮಂಜು."

ಮೇಷ್ಟ್ರು ಎಲ್ಲರೆದುರು ಮಂಡಿಯೂರಿ ಕೂತು, ಅವಳ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಕಣ್ಣು ಕೆಂಪಿಲ್ಲ, ನೀರಿಲ್ಲ, ಹೊರಗಿನಿಂದ ನೋಡಿದರೆ ಲಕ್ಷಣವಾದ ಕಣ್ಣು. ಹೆಡ್‌ಮೇಡಂ ಹತ್ತಿರ ಬಂದು, "ಮೇಷ್ಟ್ರೇ, ಪಾಠ ಮುಗಿಸಿಬಿಡಿ, ಆಮೇಲೆ ನೋಡೋಣ" ಎಂದು ಪಿಸುಗುಟ್ಟಿದರು. "ಪಾಠ ಹಾಳಾಗಿ ಹೋಗ್ಲಿ!" ಎಂದು ಮೇಷ್ಟ್ರು ಕೂಗಿದ್ದು ಅಂಗಳದವರೆಗೂ ಕೇಳಿಸಿತು.

ಅವತ್ತೇ ಮೇಷ್ಟ್ರು ತಾಯಿ ಮಗಳಿಬ್ಬರನ್ನೂ ಆಟೋದಲ್ಲಿ ಕೂರಿಸಿಕೊಂಡು ಕಣ್ಣಾಸ್ಪತ್ರೆಗೆ ಹೋದರು. ಕತ್ತಲು ಮಾಡಿದ ಕೋಣೆಯಲ್ಲಿ ಡಾಕ್ಟರು ಬಹಳ ಹೊತ್ತು ದೀಪ ಹಾಕಿ ನೋಡಿದರು. ಕಣ್ಣಿನ ಒಳಪದರಕ್ಕೆ ಉರಿಯೂತ, ಅದು ಹೊರಗೆ ಕೆಂಪಾಗುವುದಿಲ್ಲ, ನೋಯುವುದೂ ಇಲ್ಲ, ಸದ್ದಿಲ್ಲದೆ ತಿನ್ನುತ್ತದೆ. ಎಡಗಣ್ಣು ಹೋಗಿದೆ. ಬಲಗಣ್ಣನ್ನು ಉಳಿಸಲು ನೋಡೋಣ.

"ಮೊದಲೇ ಬಂದಿದ್ರೆ?" ತಾಯಿ ಕೇಳಿದಳು.

"ಒಂದು ವರ್ಷ ಮುಂಚೆ ಬಂದಿದ್ರೆ ಬರೀ ಹನಿಯಲ್ಲೇ ತಡೀಬಹುದಿತ್ತಮ್ಮ." ಡಾಕ್ಟರು ಹುಡುಗಿಯ ಕಡೆ ತಿರುಗಿದರು. "ಮಸುಕಾಗ್ತಿದೆ ಅಂತ ನೀನು ಯಾರಿಗೂ ಹೇಳ್ಲಿಲ್ವಾ ಮರೀ?"

ಹುಡುಗಿ ಮೇಷ್ಟ್ರು ನಿಂತಿದ್ದ ಕಡೆಗೊಮ್ಮೆ ಮುಖ ತಿರುಗಿಸಿದಳು. "ಇಲ್ಲ, ಯಾರಿಗೂ ಹೇಳ್ಲಿಲ್ಲ" ಅಂದಳು.

"ಹೇಳಿದ್ಲು" ಅಂದರು ಮೇಷ್ಟ್ರು. "ನಂಗೆ ಹೇಳಿದ್ಲು. ಎರಡು ಸಲ ಹೇಳಿದ್ಲು. ಅಗಲಿಸ್ಕೋ ಅಂದೆ."

ಹೊಲಿಗೆಯಮ್ಮ ಅವರನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು, ಕೊರಳಪಟ್ಟಿ ಹಿಡಿದು ಕೇಳಿದ್ದರೂ ಮೇಷ್ಟ್ರು ಕತ್ತು ಕೊಡುತ್ತಿದ್ದರು. ಅವಳು ಮಗಳ ಕೈ ಹಿಡಿದು ಎದ್ದಳು. ಹೊರಗೆ ಬೆಂಚಿನ ಮೇಲೆ ಕೂತು, "ನಾನು ಸೂಜಿ ವಿಷಯಕ್ಕೆ ದಿನಾ ಬೈತಿದ್ದೆ ಮೇಷ್ಟ್ರೇ" ಅಂದಳು. ಅಷ್ಟು ಹೇಳಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮೇಷ್ಟ್ರಿಗೆ ಅಳಲೂ ಮುಖವಿರಲಿಲ್ಲ.

ಪೇಟೆಯವರ ಬಾಯಿಗೆ ಬೀಗ ಎಲ್ಲಿ? ಟ್ಯಾಬ್ ನೋಡಿ ನೋಡಿ ಹುಡುಗಿಯ ಕಣ್ಣು ಹೋಯಿತು ಅಂದರು. ಎಲ್ಲವನ್ನೂ ಗಂಟು ಕಟ್ಟಿ ವಾಪಸ್ ಕಳಿಸಿ ಎಂದು ಕೆಲವರು ಶಾಲೆಯ ಗೇಟಿಗೇ ಬಂದರು. ಆಗ ಮೇಷ್ಟ್ರು ಹೊರಗೆ ಬಂದು ನಿಂತು, "ಅದಕ್ಕೆ ಯಾಕೆ ಬೈತೀರಾ?" ಅಂದರು. "ಕಾಣ್ಸಲ್ಲ ಅಂದವಳಿಗೆ ಅದು ದೊಡ್ಡದಾಗಿ ತೋರಿಸ್ತು. ಓದಕ್ಕಾಗಲ್ಲ ಅಂದಾಗ ಓದಿ ಹೇಳ್ತು. ಅದರ ಕೆಲಸ ಅದು ಮಾಡ್ತು. ಮಗು ಮುಖ ನೋಡೋದು ಅದರ ಕೆಲಸ ಆಗಿರ್ಲಿಲ್ಲ, ನನ್ನದಾಗಿತ್ತು." ಬಂದವರು ಒಬ್ಬೊಬ್ಬರಾಗಿ ಕರಗಿದರು. ಆ ವಾರವೇ ಮೇಷ್ಟ್ರು ಇಡೀ ಶಾಲೆಯ ಮಕ್ಕಳ ಕಣ್ಣು ನೋಡಿಸಿದರು. ಇನ್ನೂ ಕೆಲವು ಮಕ್ಕಳಿಗೆ ಕನ್ನಡಕ ಬಂತು. ಹೆಡ್‌ಮೇಡಂ ಹೊಗಳಲು ಬಾಯಿ ತೆರೆದಾಗ ಅವರು ಎದ್ದು ಹೋದರು. ಮನೆಯಲ್ಲಿ ತುತ್ತು ಇಳಿಯುತ್ತಿರಲಿಲ್ಲ. ತಮಾಷೆ ಮಾಡುತ್ತಿದ್ದ ಹೆಂಡತಿ ಈಗ ಸುಮ್ಮನೆ ತಟ್ಟೆ ಎತ್ತಿಡುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಮೇಷ್ಟ್ರು ದಿನವೂ ಹೊಲಿಗೆ ಅಂಗಡಿಗೆ ಹೋಗತೊಡಗಿದರು. ಗುಂಡುಸೂಜಿಗೆ ಗಂಟೆಗೊಮ್ಮೆ ಹನಿ, ನುಂಗುವ ಮಾತ್ರೆ, ವಾರಕ್ಕೊಮ್ಮೆ ಆಸ್ಪತ್ರೆ. ಬಲಗಣ್ಣು ಉಳಿದರೆ ಸಾಕು ಎಂದು ಮೂವರೂ ಅದೊಂದನ್ನೇ ಹಿಡಿದು ಕೂತಿದ್ದರು. ಕೆಲವು ದಿನ ಮಂಜು ತೆಳುವಾಯಿತು ಅನ್ನುವಳು, ಬಟ್ಟೆಯ ಬಣ್ಣ ಹೇಳುವಳು. ತಾಯಿ ಆ ದಿನವೆಲ್ಲ ಮಿಷನ್ನು ಜೋರಾಗಿ ತುಳಿಯುವಳು. ಮತ್ತೆ ಕೆಲವು ದಿನ ಹನಿ ಹಾಕಿದ ಮೇಲೆ ಮಾತಿಲ್ಲದೆ ಮಲಗಿಬಿಡುವಳು.

ಮೇಷ್ಟ್ರು ಪುಸ್ತಕ ತಂದು ಅವಳಿಗೆ ಪಾಠ ಓದಿ ಹೇಳುತ್ತಿದ್ದರು. ತಮ್ಮ ತಪ್ಪಿಗೆ ಅಷ್ಟಾದರೂ ಮಾಡಬೇಕೆಂದು ಒಂದೊಂದು ಪದವನ್ನೂ ಬಿಡಿಸಿ ಬಿಡಿಸಿ ಓದುವರು. ಒಂದು ವಾರ ತಾಳಿಕೊಂಡ ಹುಡುಗಿ ಕೊನೆಗೆ ಹೇಳಿಯೇಬಿಟ್ಟಳು.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ, ನೀವು ತುಂಬಾ ನಿಧಾನ. ಟ್ಯಾಬ್ ಬೇಗ ಓದತ್ತೆ. ನಾನು ಈ ಪಾಠ ಮೊನ್ನೆನೇ ಕೇಳಿ ಆಯ್ತು. ಲೆಕ್ಕನೂ ಬಾಯಲ್ಲೇ ಮಾಡಿದೆ, ಹಸಿರು ಬಂತಂತೆ."

ಮೇಷ್ಟ್ರು ಪುಸ್ತಕ ಮುಚ್ಚಿ, ಪೆದ್ದುಪೆದ್ದಾಗಿ ನಕ್ಕರು. ಅವರ ಪ್ರಾಯಶ್ಚಿತ್ತವೂ ಯಾರಿಗೂ ಬೇಕಿರಲಿಲ್ಲ. ಆದರೂ ಬರುವುದನ್ನು ಬಿಡಲಿಲ್ಲ. "ಓದಬೇಡಿ, ಸುಮ್ನೆ ಮಾತಾಡಿ. ಅದಕ್ಕೆ ಮಾತಾಡಕ್ಕೆ ಬರಲ್ಲ" ಎಂದು ಹುಡುಗಿಯೇ ಅಪ್ಪಣೆ ಕೊಟ್ಟಿದ್ದಳು. ಹಾಗಾಗಿ ಬಂದು ಕೂತು ಶಾಲೆಯ ಚಾಡಿಯೆಲ್ಲ ಹೇಳುತ್ತಿದ್ದರು. ಯಾರು ಯಾರ ಜಡೆ ಎಳೆದರು, ಹೆಡ್‌ಮೇಡಂ ಮೀಟಿಂಗಿನಲ್ಲಿ ಹೇಗೆ ತೂಕಡಿಸಿದರು. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗುವಾಗ ಆ ಕಣ್ಣುಗಳು ಯಾರನ್ನೂ ನೋಡುತ್ತಿಲ್ಲ ಎನ್ನುವುದು ಮರೆತುಹೋಗುತ್ತಿತ್ತು.

ಒಂದು ಸಂಜೆ ತಾಯಿ ಹೊಲಿದ ಬಟ್ಟೆ ತಲುಪಿಸಿ ಬರುತ್ತೇನೆಂದು ಚೀಲ ಹಿಡಿದು ಹೋದಳು. ಹೋಗುವ ಮುನ್ನ ಲೈಟು ಹಾಕಿದ್ದಳು. ಮಿಷನ್ನಿನ ಮೇಲೆ, ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ, ಹುಡುಗಿಯ ಎಣ್ಣೆ ಹಚ್ಚಿದ ಜಡೆಯ ಮೇಲೆ ಬಿಳಿ ಬೆಳಕು ಚೆಲ್ಲಿತ್ತು. ಆ ತೊದಲುವ ಹುಡುಗ ಶಾಲೆಯ ನಾಟಕದಲ್ಲಿ ಪಾರ್ಟು ಮಾಡಲು ಹೆಸರು ಕೊಟ್ಟ ಕಥೆಯನ್ನು ಮೇಷ್ಟ್ರು ಹೇಳುತ್ತಿದ್ದರು. ಗುಂಡುಸೂಜಿ ನಡುವೆ ಮಾತು ತಡೆದಳು.

"ಮೇಷ್ಟ್ರೇ, ಲೈಟ್ ಹಾಕ್ಬಿಡಿ. ಅಮ್ಮ ಬರೋ ಹೊತ್ತಾಯ್ತು. ಕತ್ತಲಲ್ಲಿ ಕೂತಿದ್ರೆ ಬೈತಾಳೆ."

ಮೇಷ್ಟ್ರು ತಲೆ ಎತ್ತಿ ಉರಿಯುತ್ತಿದ್ದ ಲೈಟನ್ನೇ ನೋಡಿದರು. ಎದ್ದು ಸ್ವಿಚ್ಚಿನ ಹತ್ತಿರ ಹೋದರು. ಒಮ್ಮೆ ಆರಿಸಿ ಮತ್ತೆ ಹಾಕಿದರೆ ಟಿಕ್ ಟಿಕ್ ಎಂದು ಎರಡು ಸದ್ದಾಗುತ್ತದೆ. ಹಾಕಿದೆ ಎಂದು ಹೇಳಿ ಬಂದು ಕೂತರೆ ಇವತ್ತಿನ ಸಂಜೆ ಕಳೆಯುತ್ತದೆ. ಬೆರಳು ಸ್ವಿಚ್ಚಿನ ಮೇಲೇ ಇತ್ತು. ಆದರೆ ಈ ಮಗುವಿಗೆ ಸುಲಭದ ಉತ್ತರ ಕೊಟ್ಟು ಕಳಿಸಿದ್ದು ಸಾಕಾಗಿತ್ತು ಅವರಿಗೆ. ವಾಪಸ್ ಬಂದು ಅವಳ ಮುಂದೆ ಕೂತು, ಎರಡೂ ಕೈ ಹಿಡಿದುಕೊಂಡರು.

"ಲೈಟ್ ಉರೀತಾ ಇದೆ ಮಗಳೇ."

ಹುಡುಗಿ ತಲೆ ಎತ್ತಿ ಸೂರಿನ ಕಡೆ ಮುಖ ಮಾಡಿದಳು. ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಅವಳ ಕೈ ತಣ್ಣಗಾಗುವುದು ಮೇಷ್ಟ್ರಿಗೆ ತಿಳಿಯಿತು.

"ಅಮ್ಮಂಗೆ ಹೇಳ್ಬೇಡಿ" ಅಂದಳು ಮೆಲ್ಲಗೆ. "ಇವತ್ತು ಹೇಳ್ಬೇಡಿ ಮೇಷ್ಟ್ರೇ. ಬಂದ ತಕ್ಷಣ ಅಳೋದು ಬೇಡ. ಊಟ ಮಾಡ್ಲಿ."

ತಾಯಿ ಬಾಗಿಲಲ್ಲೇ ನಿಂತಿದ್ದಳು. ಯಾವಾಗ ಬಂದಿದ್ದಳೋ, ಖಾಲಿ ಚೀಲ ಎದೆಗೆ ಒತ್ತಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೇಷ್ಟ್ರು ಬಾಯಿ ತೆರೆಯಹೋದಾಗ ಬೇಡ ಬೇಡ ಎಂದು ಕೈಯಾಡಿಸಿದಳು. ಸದ್ದಾಗದಂತೆ ಹಿಂದೆ ಸರಿದು ಮೆಟ್ಟಿಲಿಳಿದಳು. ಆಮೇಲೆ ಚಪ್ಪಲಿ ದಬದಬ ಬಡಿಯುತ್ತಾ ಮೆಟ್ಟಿಲು ಹತ್ತಿ ಬಂದಳು.

"ಬಾಗಿಲು ಹೀಗೆ ತೆರೆದಿಟ್ಕೊಂಡು ಕೂತಿದ್ದೀರಲ್ಲ, ಸೊಳ್ಳೆ ಬರಲ್ವಾ?"

ಗುಂಡುಸೂಜಿ ಆ ದನಿಯ ಕಡೆ ಮುಖ ಮಾಡಿ ನಕ್ಕಳು. "ಬಾ ಅಮ್ಮ. ಇವತ್ತು ಕಣ್ಣು ಪರವಾಗಿಲ್ಲ, ಸ್ವಲ್ಪ ಚೆನ್ನಾಗೇ ಕಾಣ್ತಿದೆ."

"ಹೌದಾ ಕಂದ? ಒಳ್ಳೇದಾಯ್ತು ಬಿಡು" ಅಂದಳು ತಾಯಿ. ದನಿ ಗಟ್ಟಿಯಾಗೇ ಇತ್ತು. ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದನ್ನು ಅವಳು ಒರೆಸಿಕೊಳ್ಳಲೂ ಹೋಗಲಿಲ್ಲ.